ಕಿಟಕಿಯಿಂದ ಎಷ್ಟು ದೂರ? ಹಳೆಯ ಕಚೇರಿ ಕಟ್ಟಡದೊಳಗೆ ಸಣ್ಣ ಮನೆಗಳು

ಸ್ನೇಹಿತರೇ,

ನಗರದ ನಡುಭಾಗದಲ್ಲಿ ಖಾಲಿ ಬಿದ್ದ ಹಳೆಯ ಕಚೇರಿ ಕಟ್ಟಡವೊಂದರ ಮುಂದೆ ನಿಂತವರಿಗೆಲ್ಲ ಒಂದೇ ಪ್ರಶ್ನೆ ಏಳುತ್ತದೆ. ಒಂದು ಕಡೆ ಬಾಡಿಗೆಗೆ ಮನೆ ಸಿಗದೆ ಜನ ಪರದಾಡುತ್ತಿದ್ದಾರೆ, ಇನ್ನೊಂದು ಕಡೆ ಇಷ್ಟೊಂದು ಮಹಡಿಗಳು ಬೀಗ ಜಡಿದುಕೊಂಡು ಕೂತಿವೆ. ಇವೆರಡನ್ನೂ ಯಾಕೆ ಕೂಡಿಸಬಾರದು? ಪ್ರಶ್ನೆ ನ್ಯಾಯವಾದದ್ದು. ವಾಸ್ತುಶಿಲ್ಪಿಯಾಗಿ ಇಂಥ ಪರಿವರ್ತನೆಯ ಕೆಲಸದಲ್ಲಿ ಹಲವು ವರ್ಷ ಕಳೆದಿರುವ ನಾನು ಅದಕ್ಕೆ ಉತ್ತರ ಹುಡುಕುವಾಗ ಮೊದಲು ಮಾಡುವ ಕೆಲಸ ಬಹಳ ಸಣ್ಣದು. ಮಹಡಿಯೊಳಗೆ ಹೋಗಿ ಹೊರಗೋಡೆಯ ಕಿಟಕಿಯಿಂದ ನಡುವಿನ ಲಿಫ್ಟಿನ ಗೋಡೆಯವರೆಗೆ ಅಳತೆ ಪಟ್ಟಿ ಹಿಡಿಯುತ್ತೇನೆ. ಅಲ್ಲಿ ಸಿಗುವ ಒಂದೇ ಒಂದು ಅಂಕಿ ಆ ಕಟ್ಟಡದ ಮುಂದಿನ ಬದುಕಿನ ಬಗ್ಗೆ ಬಹುಪಾಲು ಹೇಳಿಬಿಡುತ್ತದೆ. 8 ಅಥವಾ 9 ಮೀಟರ್ ಬಂದರೆ ನನಗೆ ಸಮಾಧಾನ. 14 ಮೀಟರ್ ದಾಟಿತೆಂದರೆ, ಮಾಲೀಕರು ಎಷ್ಟೇ ಉತ್ಸಾಹದಲ್ಲಿದ್ದರೂ, ನಾನು ಮಾತು ನಿಧಾನ ಮಾಡುತ್ತೇನೆ.

ಈ ಅಂಕಿಗೆ ಇಷ್ಟು ತೂಕ ಏಕೆ ಎಂಬುದನ್ನು ತಿಳಿಯಲು ಕಚೇರಿ ಕಟ್ಟಡದ ಚರಿತ್ರೆಯತ್ತ ಸ್ವಲ್ಪ ಹಿಂದೆ ನೋಡಬೇಕು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಗುಮಾಸ್ತರು ಕುಳಿತು ಬರೆಯಲು, ಲೆಕ್ಕ ಮಾಡಲು ಹಗಲಿನ ಬೆಳಕೇ ಮುಖ್ಯ ಆಧಾರವಾಗಿತ್ತು. ವಿದ್ಯುತ್ ದೀಪ ಇತ್ತು, ಆದರೆ ಅದು ಮಂಕಾಗಿತ್ತು, ಬಿಸಿಯಾಗುತ್ತಿತ್ತು, ದುಬಾರಿಯೂ ಆಗಿತ್ತು. ಕಿಟಕಿಯಿಂದ ಎಂಟು ಒಂಬತ್ತು ಮೀಟರಿಗಿಂತ ಒಳಗಿನ ಜಾಗಕ್ಕೆ ಬಾಡಿಗೆಯೇ ಹುಟ್ಟುತ್ತಿರಲಿಲ್ಲ. ಹಾಗಾಗಿ ಅಂದಿನ ದೊಡ್ಡ ಕಟ್ಟಡಗಳು ಒಳಗೆ ಆಕಾಶಕ್ಕೆ ತೆರೆದ ತೊಟ್ಟಿಗಳನ್ನು ಬಿಟ್ಟುಕೊಂಡು, ರೆಕ್ಕೆಗಳನ್ನು ಚಾಚಿಕೊಂಡು ಬೆಳೆದವು. ನ್ಯೂಯಾರ್ಕಿನಲ್ಲಿ 1915ರಲ್ಲಿ ಮುಗಿದ 38 ಅಂತಸ್ತಿನ ಈಕ್ವಿಟಬಲ್ ಕಟ್ಟಡವು ತನ್ನ ಸುತ್ತಲಿನ ಬೀದಿಗಳ ಮೇಲೆ ಎಂಥ ನೆರಳು ಹಾಸಿತೆಂದರೆ, ಮರುವರ್ಷವೇ ಆ ನಗರವು ಎತ್ತರಕ್ಕೆ ಹೋದಂತೆ ಕಟ್ಟಡ ಹಿಂದೆ ಸರಿಯಬೇಕೆಂಬ ವಲಯ ನಿಯಮವನ್ನು ತಂದಿತು. ಆದರೆ ಬೀದಿಯ ಬೆಳಕು ನುಂಗಿದ ಅದೇ ಕಟ್ಟಡವೂ ತನ್ನೊಳಗಿನವರಿಗೆ ಬೆಳಕು ಬೇಕೆಂದು ಇಂಗ್ಲಿಷಿನ ಎಚ್ ಅಕ್ಷರದ ಆಕಾರ ತಾಳಿತ್ತು.

ಅನಂತರ ಎರಡು ಸಂಗತಿಗಳು ಎಲ್ಲವನ್ನೂ ಬದಲಿಸಿದವು. 1938ರಲ್ಲಿ ಟ್ಯೂಬ್‌ಲೈಟ್ ಮಾರುಕಟ್ಟೆಗೆ ಬಂತು. ಇಡೀ ಬಹುಮಹಡಿ ಕಚೇರಿಯನ್ನು ತಂಪುಮಾಡುವ ಹವಾನಿಯಂತ್ರಣ 1928ರಲ್ಲೇ ಟೆಕ್ಸಾಸಿನ ಸ್ಯಾನ್ ಆಂಟೋನಿಯೋದ ಮಿಲಾಮ್ ಕಟ್ಟಡದಲ್ಲಿ ಕಾಣಿಸಿಕೊಂಡಿತ್ತಾದರೂ, ಎರಡನೆಯ ಮಹಾಯುದ್ಧದ ನಂತರವೇ ಅದು ಸರ್ವೇಸಾಮಾನ್ಯವಾಯಿತು. ಕಡಿಮೆ ಶಾಖದ ಬೆಳಕು, ಯಂತ್ರದಿಂದ ಬರುವ ಗಾಳಿ, ಎರಡೂ ಸಿಕ್ಕ ಮೇಲೆ ಕಿಟಕಿಯ ಹಂಗು ತಪ್ಪಿತು. ಮಹಡಿಗಳು ದಪ್ಪವಾದವು, ತೊಟ್ಟಿಗಳು ಮಾಯವಾದವು, ಕಿಟಕಿಗಳು ತೆರೆಯದ ಗಾಜಿನ ಹಲಗೆಗಳಾದವು. 1960ರಿಂದ 1980ರವರೆಗಿನ ಅನೇಕ ಕಚೇರಿ ಗೋಪುರಗಳಲ್ಲಿ ಕಿಟಕಿಯಿಂದ ನಡುಗೋಡೆಗೆ ಹದಿಮೂರು ಹದಿನಾಲ್ಕು ಮೀಟರ್ ಸಾಮಾನ್ಯ; ಕೆಲವು ಕಡೆ ಅದಕ್ಕೂ ಹೆಚ್ಚು. ಇಂದು ಖಾಲಿಯಾಗುತ್ತಿರುವ ಕಟ್ಟಡಗಳಲ್ಲಿ ಈ ಪೀಳಿಗೆಯವೇ ಹೆಚ್ಚಾಗಿರುವುದು ನಮ್ಮ ಕಾಲದ ಕಷ್ಟ.

ಈಗ ಮನೆಯ ಲೆಕ್ಕಕ್ಕೆ ಬರೋಣ. ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರ ಎರಡರಿಂದ ಎರಡೂವರೆ ಪಟ್ಟು ದೂರದವರೆಗೆ ಹಗಲಿನ ಬೆಳಕು ಉಪಯೋಗಕ್ಕೆ ಬರುವಷ್ಟು ತಲುಪುತ್ತದೆ ಎಂಬುದು ನಮ್ಮ ವೃತ್ತಿಯಲ್ಲಿ ರೂಢಿಯ ಅಂದಾಜು. ಮೇಲಂಚು 2.7 ಮೀಟರ್ ಇದ್ದರೆ ಬೆಳಕು ಆರು, ಆರೂವರೆ ಮೀಟರ್ ಒಳಗೆ ಬರುತ್ತದೆ. ಒಂದು ಸಣ್ಣ ಮನೆಗೆ ಬಾಗಿಲ ಬಳಿ ಬಚ್ಚಲು, ಅಡುಗೆಯ ಕಟ್ಟೆ, ಬಟ್ಟೆಯ ಕಪಾಟು ಇವಕ್ಕೆಲ್ಲ ಮೂರು ಮೀಟರ್ ಬಿಡೋಣ; ಇವು ಹಗಲ ಬೆಳಕಿಲ್ಲದೆಯೂ ನಡೆಯುವ ಜಾಗಗಳು. ಆರು ಮತ್ತು ಮೂರು, ಒಂಬತ್ತು. ಕಿಟಕಿಯ ಉದ್ದಕ್ಕೆ ನಾಲ್ಕು ಮೀಟರ್ ಅಗಲ ಕೊಟ್ಟರೆ 36 ಚದರ ಮೀಟರಿನ, ಮೂಲೆ ಮೂಲೆಯೂ ಬಳಕೆಗೆ ಬರುವ ಮನೆ ಸಿದ್ಧವಾಗುತ್ತದೆ. ಟ್ಯೂಬ್‌ಲೈಟಿಗಿಂತ ಮುಂಚಿನ ಕಟ್ಟಡ ಗುಮಾಸ್ತರಿಗಾಗಿ ಲೆಕ್ಕ ಹಾಕಿದ ಆಳವೂ, ಒಬ್ಬರು ಇಬ್ಬರು ವಾಸಿಸುವ ಇಂದಿನ ಮನೆಗೆ ಬೇಕಾದ ಆಳವೂ ಹೆಚ್ಚುಕಡಿಮೆ ಒಂದೇ ಆಗಿರುವುದು ಆಕಸ್ಮಿಕವಲ್ಲ, ಎರಡನ್ನೂ ನಿರ್ಧರಿಸಿದ್ದು ಮನುಷ್ಯನ ಕಣ್ಣು.

ಅದೇ ಮನೆಯನ್ನು ಹದಿನಾಲ್ಕು ಮೀಟರಿನ ಆಳದಲ್ಲಿ ಇಟ್ಟು ನೋಡಿ. ಬಾಗಿಲ ಬಳಿ ಮೂರು ಮೀಟರ್, ಕಿಟಕಿಯ ಬಳಿ ಆರು ಮೀಟರ್ ಕಳೆದರೆ ನಡುವೆ ಐದು ಮೀಟರ್ ಉಳಿಯಿತು. ಈ ಐದು ಮೀಟರ್ ಅತ್ತ ಹಗಲೂ ಅಲ್ಲ, ಇತ್ತ ಉಗ್ರಾಣವೂ ಅಲ್ಲ. ಮನೆಯ ವಿಸ್ತೀರ್ಣ 56 ಚದರ ಮೀಟರ್ ಆಯಿತು, ಬಾಡಿಗೆ ಆ ಲೆಕ್ಕದಲ್ಲಿ ಏರಿತು, ಆದರೆ ಬದುಕಲು ಸಿಕ್ಕ ಜಾಗ ಮೊದಲಿನಷ್ಟೇ ಉಳಿಯಿತು. ಅಗಲವನ್ನು ಎರಡೂವರೆ ಮೀಟರಿಗೆ ಇಳಿಸಿ ವಿಸ್ತೀರ್ಣ ಸರಿಮಾಡಹೊರಟರೆ ಮನೆಯ ಬದಲು ಸುರಂಗ ಸಿಗುತ್ತದೆ. ಈ ಲೆಕ್ಕವನ್ನು ನಾನು ಇಷ್ಟು ಬಿಡಿಸಿ ಹೇಳುತ್ತಿರುವುದಕ್ಕೆ ಕಾರಣವಿದೆ. ಪರಿವರ್ತನೆಯ ಚರ್ಚೆಯಲ್ಲಿ ಎಲ್ಲರೂ ಒಟ್ಟು ಚದರ ಅಡಿಯನ್ನು ಒಂದು ಮನೆಯ ಚದರ ಅಡಿಯಿಂದ ಭಾಗಿಸಿ ಇಷ್ಟು ಸಾವಿರ ಮನೆ ಎಂದು ಹೇಳಿಬಿಡುತ್ತಾರೆ. ಭಾಗಿಸಬೇಕಾದದ್ದು ಕಿಟಕಿಗೋಡೆಯ ಉದ್ದವನ್ನು. ಆ ಉದ್ದ ಎಷ್ಟು ಮನೆಗಳಿಗೆ ಸಾಲುತ್ತದೆಯೋ ಅಷ್ಟೇ ಮನೆಗಳು.

ಇದನ್ನು ನಾನು ಪುಸ್ತಕದಿಂದ ಕಲಿತೆ ಎಂದರೆ ಸುಳ್ಳಾಗುತ್ತದೆ. ನಾನು ಕೈಯಾರೆ ಮಾಡಿದ ಒಂದು ತಪ್ಪಿನಿಂದ ಕಲಿತೆ. ವರ್ಷಗಳ ಹಿಂದೆ, ಆಳವಾದ ಮಹಡಿಯಿದ್ದ ಒಂದು ಕಟ್ಟಡದಲ್ಲಿ ಮಲಗುವ ಕೋಣೆಯನ್ನು ಒಳಭಾಗಕ್ಕೆ ತಳ್ಳಿ, ಕೂರುವ ಕೋಣೆಯ ಕಡೆಯ ಗೋಡೆಯ ಮೇಲ್ಭಾಗಕ್ಕೆ ಗಾಜು ಹಾಕಿ, ಎರವಲು ಬೆಳಕು ಬರುತ್ತದೆ ಎಂದು ನಕಾಶೆಯಲ್ಲಿ ಬಾಣದ ಗುರುತು ಹಾಕಿದ್ದೆ. ನಿಯಮ ಅದಕ್ಕೆ ಒಪ್ಪಿತ್ತು. ಜನ ವಾಸಕ್ಕೆ ಬಂದು ಒಂದು ವರ್ಷವಾದ ಮೇಲೆ ನೋಡಲು ಹೋದೆ. ಮಧ್ಯಾಹ್ನ ಹನ್ನೆರಡೂವರೆ ಇರಬಹುದು, ಹೊರಗೆ ಕಣ್ಣು ಕುಕ್ಕುವ ಬಿಸಿಲು. ಆ ಕೋಣೆಯಲ್ಲಿ ಮೇಜುದೀಪ ಉರಿಯುತ್ತಿತ್ತು. ಗಾಜಿಗೆ ಒಳಗಿನಿಂದ ದಪ್ಪ ಕಾಗದ ಅಂಟಿಸಿದ್ದರು, ಏಕೆಂದರೆ ಹಗಲಿನಲ್ಲಿ ಸಾಲದ ಬೆಳಕು ರಾತ್ರಿ ಮಾತ್ರ ಕೂರುವ ಕೋಣೆಯಿಂದ ಬಂದು ನಿದ್ದೆಗೆಡಿಸುತ್ತಿತ್ತು. ಅಲ್ಲಿ ವಾಸವಿದ್ದವರು ದೂರು ಹೇಳಲಿಲ್ಲ. ಬೆಳಗ್ಗೆ ಎದ್ದಾಗ ಗಂಟೆ ಎಷ್ಟೆಂದು ತಿಳಿಯಲು ಫೋನ್ ನೋಡಲೇಬೇಕಾಗುತ್ತದೆ ಎಂದಷ್ಟೇ ಅಂದರು. ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಕಿಟಕಿಯಿಲ್ಲದ ಕೋಣೆಯ ಬಗ್ಗೆ ಬೇರೆ ಕಡೆಯೂ ತೀವ್ರ ಚರ್ಚೆ ನಡೆದಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಆವರಣದಲ್ಲಿ ಸಾವಿರಾರು ವಿದ್ಯಾರ್ಥಿಗಳಿಗಾಗಿ ಮಂಗರ್ ಹಾಲ್ ಎಂಬ ವಸತಿ ಕಟ್ಟಡದ ಯೋಜನೆ ಸಿದ್ಧವಾದಾಗ ಅದರ ಬಹುತೇಕ ಎಲ್ಲ ಮಲಗುವ ಕೋಣೆಗಳಿಗೂ ಕಿಟಕಿಯಿರಲಿಲ್ಲ, ಕೃತಕ ಬೆಳಕಿನ ಹಲಗೆಯಷ್ಟೇ ಇತ್ತು. 2021ರಲ್ಲಿ ವಿಶ್ವವಿದ್ಯಾಲಯದ ವಿನ್ಯಾಸ ಸಮಿತಿಯ ವಾಸ್ತುಶಿಲ್ಪಿ ಡೆನಿಸ್ ಮ್ಯಾಕ್‌ಫ್ಯಾಡನ್ ಇದನ್ನು ವಿರೋಧಿಸಿ ಸಮಿತಿಯಿಂದ ಹೊರನಡೆದರು. 2023ರಲ್ಲಿ ವಿಶ್ವವಿದ್ಯಾಲಯ ಆ ಯೋಜನೆಯನ್ನೇ ಕೈಬಿಟ್ಟಿತು. ಟೆಕ್ಸಾಸಿನ ಆಸ್ಟಿನ್ ನಗರವು 2024ರಲ್ಲಿ ಹೊಸ ವಸತಿಗಳಲ್ಲಿ ಕಿಟಕಿಯಿಲ್ಲದ ಮಲಗುವ ಕೋಣೆಗಳನ್ನು ನಿಷೇಧಿಸಿತು. ಖಾಲಿ ಕಚೇರಿಗಳನ್ನು ಬೇಗ ಮನೆ ಮಾಡಬೇಕೆಂಬ ಆತುರದಲ್ಲಿ ಈ ಒಂದು ನಿಯಮವನ್ನು ಸಡಿಲಿಸಿ ಎಂದು ಕೇಳುವವರು ನಮ್ಮ ವೃತ್ತಿಯಲ್ಲೂ ಇದ್ದಾರೆ. ನಾನು ಅವರ ಜೊತೆ ಇಲ್ಲ.

ಹಾಗಾದರೆ ಆಳವಾದ ಕಟ್ಟಡಗಳನ್ನು ಕೈಬಿಡಬೇಕೇ? ಬಹಳಷ್ಟನ್ನು ಬಿಡಬೇಕಾಗುತ್ತದೆ. ಗೆನ್ಸ್ಲರ್ ಎಂಬ ವಾಸ್ತುಶಿಲ್ಪ ಸಂಸ್ಥೆ ಉತ್ತರ ಅಮೆರಿಕದ ನೂರಾರು ಕಚೇರಿ ಕಟ್ಟಡಗಳಿಗೆ ಮಹಡಿಯ ಆಕಾರ, ಆಳ, ಹೊರಗೋಡೆ, ಸುತ್ತಲಿನ ಸೌಲಭ್ಯ ಇವನ್ನೆಲ್ಲ ನೋಡಿ ಅಂಕ ಕೊಟ್ಟಾಗ ಪರಿವರ್ತನೆಗೆ ಒಗ್ಗುವಂತೆ ಕಂಡದ್ದು ಸರಿಸುಮಾರು ನಾಲ್ಕರಲ್ಲಿ ಒಂದು. ಆದರೆ ಉಳಿದವುಗಳಲ್ಲಿ ಕೆಲವಕ್ಕೆ ಶಸ್ತ್ರಚಿಕಿತ್ಸೆ ಸಾಧ್ಯವಿದೆ, ಮತ್ತು ಅದು ನಡೆದಿದೆ.

ನ್ಯೂಯಾರ್ಕಿನ ದಕ್ಷಿಣ ತುದಿಯಲ್ಲಿರುವ 25 ವಾಟರ್ ಸ್ಟ್ರೀಟ್ ಅಂಥದ್ದು. 1969ರಲ್ಲಿ ಕಟ್ಟಿದ, ಇಟ್ಟಿಗೆಯ ಹೊದಿಕೆಯ ನಡುವೆ ಸೀಳಿದಂಥ ಕಿರಿದಾದ ಕಿಟಕಿಗಳಿದ್ದ, ಕೋಟೆಯಂತೆ ಕಾಣುತ್ತಿದ್ದ 22 ಅಂತಸ್ತಿನ ಆ ಕಟ್ಟಡದ ಒಡಲಲ್ಲಿ ಎರಡು ಬೆಳಕಿನ ತೊಟ್ಟಿಗಳನ್ನು ಮೇಲಿನಿಂದ ಕೊರೆದು ತೆಗೆದರು. ಹೊರಗೋಡೆಯಲ್ಲಿ ದೊಡ್ಡ ಕಿಟಕಿಗಳನ್ನು ಬಿಡಿಸಿದರು. ತೊಟ್ಟಿಗೆ ಕಳೆದುಕೊಂಡ ನೆಲವನ್ನು ತುಂಬಿಕೊಳ್ಳಲು ತಲೆಯ ಮೇಲೆ ಹತ್ತು ಹೊಸ ಅಂತಸ್ತುಗಳನ್ನು ಏರಿಸಿದರು. ಈಗ ಅಲ್ಲಿ 1,300ಕ್ಕೂ ಹೆಚ್ಚು ಮನೆಗಳಿವೆ. ಅದೇ ಬೀದಿಯ 180ನೆಯ ಸಂಖ್ಯೆಯ ಕಟ್ಟಡದಲ್ಲೂ ನಡುವೆ ತೊಟ್ಟಿ ಕೊರೆದೇ ಮನೆಗಳನ್ನು ಮಾಡಿದ್ದರು. 160ನೆಯ ಸಂಖ್ಯೆಯ ಕಟ್ಟಡದ ಉಪಾಯ ಇನ್ನೂ ವಿಚಿತ್ರ. ಅಲ್ಲಿ ನಡುಭಾಗದ ಕತ್ತಲ ಜಾಗವನ್ನು ಕೊರೆದು, ಯಾರಿಗೂ ಕಾಣದಂತೆ ಮುಚ್ಚಿದ ಪೊಳ್ಳಾಗಿ ಬಿಟ್ಟು, ಹಾಗೆ ಉಳಿಸಿದ ನೆಲದ ಲೆಕ್ಕವನ್ನು ಕಟ್ಟಡದ ಮೇಲೆ ಹೊಸ ಅಂತಸ್ತುಗಳಾಗಿ ಕಟ್ಟಿಕೊಂಡರು. ನೆಲಮಾಳಿಗೆಯಷ್ಟು ಕತ್ತಲಿದ್ದ ಚದರ ಅಡಿಗಳು ಆಕಾಶದ ಪಕ್ಕಕ್ಕೆ ಸ್ಥಳಾಂತರಗೊಂಡವು ಎಂದು ನಾನು ಇದನ್ನು ವಿದ್ಯಾರ್ಥಿಗಳಿಗೆ ವಿವರಿಸುತ್ತೇನೆ. ಇಂಥ ಕೆಲಸಕ್ಕೆ ಅಪಾರ ಬಂಡವಾಳ ಬೇಕು, ನಿವೇಶನದ ಮೇಲೆ ಇನ್ನಷ್ಟು ಎತ್ತರಕ್ಕೆ ಅವಕಾಶವಿರಬೇಕು, ಮತ್ತು ತೀರ ಹೆಚ್ಚಿನ ಬಾಡಿಗೆ ಹುಟ್ಟುವ ನಗರವಾಗಿರಬೇಕು. ಸಾಮಾನ್ಯ ಊರಿನ ಹನ್ನೆರಡು ಅಂತಸ್ತಿನ ಕಚೇರಿಗೆ ಈ ದಾರಿ ಸುಲಭವಾಗಿ ತೆರೆದುಕೊಳ್ಳುವುದಿಲ್ಲ.

ಮತ್ತೊಂದು ದಾರಿಯನ್ನು 2024ರಲ್ಲಿ ಗೆನ್ಸ್ಲರ್ ಮತ್ತು ಪ್ಯೂ ಚಾರಿಟಬಲ್ ಟ್ರಸ್ಟ್ಸ್ ಎಂಬ ಲಾಭರಹಿತ ಸಂಸ್ಥೆ ಜೊತೆಯಾಗಿ ಮುಂದಿಟ್ಟವು. ಕಿಟಕಿಯ ಉದ್ದಕ್ಕೂ ಒಬ್ಬೊಬ್ಬರಿಗೊಂದು ಸಣ್ಣ ಖಾಸಗಿ ಕೋಣೆ. ಅಡುಗೆಮನೆ, ಸ್ನಾನಗೃಹ, ಬಟ್ಟೆ ಒಗೆಯುವ ಜಾಗ, ಕೂಡಿ ಕೂರುವ ಹಜಾರ ಇವೆಲ್ಲ ಮಹಡಿಯ ನಡುವಿನಲ್ಲಿ, ಎಲ್ಲರಿಗೂ ಸೇರಿ. ಕೊಳಾಯಿ ಮತ್ತು ಒಳಚರಂಡಿಯ ಕೊಳವೆಗಳು ಮೊದಲೇ ಇರುವ ನಡುಭಾಗದಲ್ಲೇ ಉಳಿಯುವುದರಿಂದ ಸಾಮಾನ್ಯ ಪರಿವರ್ತನೆಗಿಂತ ನಿರ್ಮಾಣದ ವೆಚ್ಚ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಇಳಿಯಬಹುದೆಂದು ಅವರ ಅಂದಾಜು. ಆಳವಾದ ಮಹಡಿಯ ಕತ್ತಲನ್ನು ಇಷ್ಟು ಸಹಜವಾಗಿ ಬಳಸಿಕೊಳ್ಳುವ ಬೇರೆ ವಿನ್ಯಾಸವನ್ನು ನಾನು ಕಂಡಿಲ್ಲ. ಒಂದು ಕಾಲಕ್ಕೆ ಅಮೆರಿಕದ ನಗರಗಳಲ್ಲಿ ಬಡ ಕೆಲಸಗಾರರು ಹೀಗೆಯೇ ಒಂದೊಂದು ಕೋಣೆ ಹಿಡಿದು ಬದುಕುತ್ತಿದ್ದರು; ನ್ಯೂಯಾರ್ಕ್ 1955ರಲ್ಲಿ ಅಂಥ ಹೊಸ ವಸತಿಗಳನ್ನು ಕಟ್ಟುವುದನ್ನೇ ನಿಲ್ಲಿಸಿತು, ಇದ್ದವು ಕ್ರಮೇಣ ಕರಗಿದವು, ಆ ಕೋಣೆಗಳಲ್ಲಿದ್ದವರಿಗೆ ಅಷ್ಟೇ ಅಗ್ಗದ ಬೇರೆ ಸೂರು ಯಾರೂ ಕಟ್ಟಿಕೊಡಲಿಲ್ಲ. ಆದ್ದರಿಂದ ಹಂಚಿಕೊಂಡು ಬದುಕುವ ಮನೆ ಕೀಳು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನನ್ನ ಆತಂಕ ಬೇರೆ. ಹಂಚಿಕೊಂಡ ಅಡುಗೆಮನೆ ಎಷ್ಟು ಚೆನ್ನಾಗಿರುತ್ತದೆ ಎಂಬುದು ಅದನ್ನು ದಿನವೂ ಯಾರು ತೊಳೆಯುತ್ತಾರೆ ಎಂಬುದರ ಮೇಲೆ ನಿಂತಿದೆ. ಆ ವೆಚ್ಚವನ್ನು ಮೊದಲ ದಿನವೇ ಬಾಡಿಗೆಯ ಲೆಕ್ಕದಲ್ಲಿ ಸೇರಿಸದ ಯಾವ ಯೋಜನೆಗೂ ನಾನು ಸಹಿ ಹಾಕಲಾರೆ.

ಈಗ ಕೊಳವೆಗಳ ವಿಷಯ. ಬೆಳಕಿನ ನಂತರ ಪರಿವರ್ತನೆಯ ಹಣೆಬರಹ ಬರೆಯುವುದು ಇವೇ. ಕಚೇರಿ ಮಹಡಿಯಲ್ಲಿ ಶೌಚಾಲಯಗಳು ಒಂದೇ ಕಡೆ, ಲಿಫ್ಟಿನ ಪಕ್ಕದಲ್ಲಿ ಗುಂಪಾಗಿರುತ್ತವೆ. ಅದೇ ಮಹಡಿಯಲ್ಲಿ ಹದಿನೆಂಟು ಮನೆ ಮಾಡಿದರೆ ಹದಿನೆಂಟು ಬಚ್ಚಲು, ಹದಿನೆಂಟು ಅಡುಗೆ ಕಟ್ಟೆ. ಮಲಿನ ನೀರಿನ ಕೊಳವೆ ತನ್ನಷ್ಟಕ್ಕೆ ಹರಿಯಬೇಕಾದರೆ ಐದು ಮೀಟರಿಗೆ ಹತ್ತು ಸೆಂಟಿಮೀಟರಿನಷ್ಟು ಇಳಿಜಾರು ಬೇಕು. ಲಂಬ ಕೊಳವೆಯಿಂದ ಬಚ್ಚಲು ದೂರ ಹೋದಷ್ಟೂ ಕೆಳಗಿನ ಮನೆಯ ಛಾವಣಿ ತಗ್ಗುತ್ತದೆ. ಆದ್ದರಿಂದ ಪ್ರತಿ ಎರಡು ಮನೆಗಳ ಬಚ್ಚಲುಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ, ಒಂದೇ ಲಂಬ ಕೊಳವೆಗೆ ಜೋಡಿಸಿ, ಅದು ನೆಲಮಹಡಿಯವರೆಗೆ ನೇರವಾಗಿ ಇಳಿಯುವಂತೆ ನೋಡಿಕೊಳ್ಳುತ್ತೇವೆ. ಕೇಳಲು ಸುಲಭ. ಆದರೆ ಆ ನೇರ ದಾರಿಯಲ್ಲಿ ಹದಿನೈದು ಸ್ಲ್ಯಾಬುಗಳನ್ನು ತೂತು ಮಾಡಬೇಕು, ಮತ್ತು ಸ್ಲ್ಯಾಬಿನೊಳಗೆ ಏನಿದೆಯೆಂದು ಹಳೆಯ ನಕಾಶೆ ಯಾವಾಗಲೂ ನಿಜ ಹೇಳುವುದಿಲ್ಲ.

ಕೆಲವು ಕಟ್ಟಡಗಳ ಸ್ಲ್ಯಾಬುಗಳಲ್ಲಿ ಕಾಂಕ್ರೀಟ್ ಗಟ್ಟಿಯಾದ ಮೇಲೆ ಉಕ್ಕಿನ ತಂತಿಗಳನ್ನು ಬಲವಾಗಿ ಎಳೆದು ಬಿಗಿದಿರುತ್ತಾರೆ. ತೆಳುವಾದ ಸ್ಲ್ಯಾಬು ದೂರದ ಕಂಬಗಳ ನಡುವೆ ಬಾಗದೆ ನಿಲ್ಲುವುದು ಈ ಬಿಗಿತದಿಂದಲೇ. ಕೊರೆಯುವ ಯಂತ್ರ ಅಂಥ ಒಂದು ತಂತಿಗೆ ತಗುಲಿದರೆ ಅದರಲ್ಲಿ ತುಂಬಿದ್ದ ಬಲವೆಲ್ಲ ಒಮ್ಮೆಲೇ ಬಿಡುಗಡೆಯಾಗುತ್ತದೆ, ಕೆಲಸಗಾರರ ಜೀವಕ್ಕೇ ಅಪಾಯ. ಹಾಗಾಗಿ ತೂತು ಮಾಡುವ ಮೊದಲು ರೇಡಾರ್ ಯಂತ್ರವನ್ನು ನೆಲದ ಮೇಲೆ ಅಂಗುಲ ಅಂಗುಲವಾಗಿ ಉರುಳಿಸಿ, ತಂತಿ ಎಲ್ಲಿದೆ, ಸರಳು ಎಲ್ಲಿದೆ ಎಂದು ಬಣ್ಣದ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾರೆ. ಕೆಂಪು ಗೆರೆ, ನೀಲಿ ಗೆರೆ, ಅವುಗಳ ನಡುವೆ ಅಂಗೈ ಅಗಲದ ಖಾಲಿ ಚೌಕ. ಹಲವು ಬಾರಿ ಒಂದು ಮನೆಯ ಬಚ್ಚಲು ಎಲ್ಲಿರಬೇಕೆಂಬುದನ್ನು ವಾಸ್ತುಶಿಲ್ಪಿಯಾದ ನಾನು ನಿರ್ಧರಿಸುವುದಿಲ್ಲ, ಆ ಖಾಲಿ ಚೌಕ ನಿರ್ಧರಿಸುತ್ತದೆ. ಈ ಪರೀಕ್ಷೆ ಮುಗಿಯುವ ಮೊದಲೇ ಮನೆಗಳ ಸಂಖ್ಯೆಯನ್ನು ಜಾಹೀರಾತಿನಲ್ಲಿ ಘೋಷಿಸುವುದು ನನ್ನ ದೃಷ್ಟಿಯಲ್ಲಿ ಅಪ್ರಾಮಾಣಿಕ.

ಹಳೆಯ ಕಚೇರಿ ನಮಗೆ ಕೊಡುವ ವರಗಳೂ ಇವೆ, ಅವನ್ನು ಹೇಳದಿದ್ದರೆ ತಪ್ಪಾದೀತು. ಕಚೇರಿಯ ನೆಲವನ್ನು ಮನೆಯ ನೆಲಕ್ಕಿಂತ ಹೆಚ್ಚು ಭಾರಕ್ಕೆ ಲೆಕ್ಕ ಹಾಕಿರುತ್ತಾರೆ. ಅಮೆರಿಕದ ಕಟ್ಟಡ ಸಂಹಿತೆಯಲ್ಲಿ ಕಚೇರಿಗೆ ಚದರ ಅಡಿಗೆ 50 ಪೌಂಡ್, ಮನೆಗೆ 40 ಪೌಂಡ್. ಮನೆಗಳಲ್ಲಿರುವುದಕ್ಕಿಂತ ಕಚೇರಿಯಲ್ಲಿ ಜನ ಹೆಚ್ಚು, ಎಲ್ಲರೂ ಬೆಳಗ್ಗೆ ಒಟ್ಟಿಗೆ ಬರುವವರು, ಹಾಗಾಗಿ ಲಿಫ್ಟುಗಳು ಬೇಕಾದದ್ದಕ್ಕಿಂತ ಹೆಚ್ಚಿರುತ್ತವೆ. ಉಳಿದ ಲಿಫ್ಟಿನ ಬಾವಿಗಳು ಕೊಳವೆ, ಗಾಳಿಯ ಡಕ್ಟು, ವಿದ್ಯುತ್ ತಂತಿಗಳು ಇಳಿಯುವ ದಾರಿಯಾಗುತ್ತವೆ. ತುರ್ತು ಮೆಟ್ಟಿಲುಗಳು ಸಾಮಾನ್ಯವಾಗಿ ಸಾಕಷ್ಟು ಅಗಲವಾಗಿರುತ್ತವೆ. ಎಲ್ಲಕ್ಕಿಂತ ದೊಡ್ಡ ವರ ಎತ್ತರ. ಕಚೇರಿಯ ಛಾವಣಿಯಲ್ಲಿ ನೇತುಹಾಕಿದ ಹಲಗೆಗಳನ್ನು ಕಳಚಿ, ಅದರ ಮೇಲಿದ್ದ ದಪ್ಪ ಗಾಳಿಕೊಳವೆಗಳನ್ನು ತೆಗೆದುಹಾಕಿದಾಗ ಒಮ್ಮೊಮ್ಮೆ ಮೂರೂಕಾಲು ಮೀಟರ್ ಎತ್ತರ ಬಯಲಾಗುತ್ತದೆ. ಸಣ್ಣ ಮನೆಯಲ್ಲಿ ಇರುವವರಿಗೆ ಎತ್ತರವೆಂದರೆ ಎರಡನೆಯ ಕೋಣೆಯಿದ್ದಂತೆ. ಕಿಟಕಿಯ ಮೇಲಂಚನ್ನೂ ಮೇಲಕ್ಕೇರಿಸಬಹುದಾದರೆ ಬೆಳಕು ಇನ್ನೊಂದು ಮೀಟರ್ ಒಳಗೆ ಬರುತ್ತದೆ.

ತೆರೆಯದ ಗಾಜಿನ ಹೊರಗೋಡೆಯನ್ನು ಬದಲಿಸುವುದು ದುಬಾರಿ, ಆದರೆ ಕಿಟಕಿ ತೆರೆಯಬೇಕು, ಅದರಲ್ಲಿ ರಾಜಿ ಇಲ್ಲ. ಕಲ್ನಾರು, ಸೀಸದ ಬಣ್ಣ ಇವನ್ನು ತಜ್ಞರಿಂದಲೇ ತೆಗೆಸಬೇಕು. ಮನೆ ಮನೆಯ ನಡುವಿನ ಗೋಡೆ ಸದ್ದು ತಡೆಯಬೇಕು. ಪ್ರತಿ ಮನೆಗೂ ಪ್ರತ್ಯೇಕ ವಿದ್ಯುತ್ ಮೀಟರು ಬೇಕು. ಇವೆಲ್ಲ ಹಣದ ಪ್ರಶ್ನೆಗಳು, ಉತ್ತರ ಗೊತ್ತಿರುವಂಥವು.

ನಿಯಮವನ್ನು ಸಡಿಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಅನುಭವ ನಮ್ಮ ಮುಂದಿದೆ, ಮತ್ತು ಅದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. 2013ರಲ್ಲಿ ಅಲ್ಲಿನ ಸರ್ಕಾರವು ಪೂರ್ಣ ಯೋಜನಾ ಅನುಮತಿಯಿಲ್ಲದೆಯೇ ಕಚೇರಿಗಳನ್ನು ಮನೆಗಳಾಗಿ ಬದಲಿಸಬಹುದೆಂದಿತು. ಮನೆಗಳ ಸಂಖ್ಯೆ ಏರಿತು. ಹಾರ್ಲೋ ಪಟ್ಟಣದ ಟರ್ಮಿನಸ್ ಹೌಸ್ ಎಂಬ ಕಚೇರಿ ಗೋಪುರ ಇನ್ನೂರಕ್ಕೂ ಹೆಚ್ಚು ಮನೆಗಳಾಯಿತು, ಅವುಗಳಲ್ಲಿ ಕೆಲವು 20 ಚದರ ಮೀಟರಿಗಿಂತಲೂ ಚಿಕ್ಕವು, ಅವುಗಳಲ್ಲಿ ಮಕ್ಕಳೊಂದಿಗೆ ಕುಟುಂಬಗಳನ್ನು ಇರಿಸಲಾಯಿತು. 2020ರಲ್ಲಿ ಪ್ರಕಟವಾದ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರ ಅಧ್ಯಯನವು ಹೀಗೆ ಅನುಮತಿಯ ದಾರಿ ತಪ್ಪಿಸಿ ಹುಟ್ಟಿದ ಮನೆಗಳಲ್ಲಿ ನೂರಕ್ಕೆ 22ರಷ್ಟು ಮಾತ್ರ ರಾಷ್ಟ್ರೀಯ ವಿಸ್ತೀರ್ಣದ ಮಾನದಂಡಕ್ಕೆ ಸರಿಹೊಂದುತ್ತವೆಂದೂ, ಪೂರ್ಣ ಅನುಮತಿ ಪಡೆದವುಗಳಲ್ಲಿ ಅದು 73ರಷ್ಟಿದೆಯೆಂದೂ ತೋರಿಸಿತು. ಆ ವರ್ಷವೇ ವಾಸದ ಕೋಣೆಗಳಿಗೆ ಸಾಕಷ್ಟು ಹಗಲ ಬೆಳಕು ಇರಲೇಬೇಕೆಂಬ ನಿಯಮ ಬಂತು; 2021ರ ಏಪ್ರಿಲಿನಿಂದ ಕನಿಷ್ಠ ವಿಸ್ತೀರ್ಣವೂ ಕಡ್ಡಾಯವಾಯಿತು. ಒಬ್ಬರ ಮನೆಗೆ ಆ ಕನಿಷ್ಠ 37 ಚದರ ಮೀಟರ್. ಏಳೆಂಟು ವರ್ಷ ತಡವಾಗಿ ಬಂದ ಈ ಎರಡು ಸಾಲುಗಳ ನಿಯಮ ಮೊದಲೇ ಇದ್ದಿದ್ದರೆ ಎಷ್ಟು ಮಕ್ಕಳು ಓದಿಕೊಳ್ಳಲು ಒಂದು ಮೂಲೆಯಾದರೂ ಇರುವ ಮನೆಯಲ್ಲಿ ಬೆಳೆಯುತ್ತಿದ್ದರು!

ಹಾಗೆಂದು 37 ಎಂಬ ಅಂಕಿಯನ್ನು ನಾನು ಪೂಜಿಸುವುದಿಲ್ಲ. ನ್ಯೂಯಾರ್ಕಿನಲ್ಲಿ 2016ರಲ್ಲಿ ತೆರೆದ ಕಾರ್ಮೆಲ್ ಪ್ಲೇಸ್ ಎಂಬ ಹೊಸ ಕಟ್ಟಡದಲ್ಲಿ 55 ಮನೆಗಳಿವೆ, ಚಿಕ್ಕದು 260 ಚದರ ಅಡಿ, ಅಂದರೆ ಸುಮಾರು 24 ಚದರ ಮೀಟರ್. ಆದರೆ ಅವುಗಳ ಛಾವಣಿ ಎತ್ತರ, ಕಿಟಕಿ ದೊಡ್ಡದು, ಗೋಡೆಯ ಪ್ರತಿ ಅಂಗುಲಕ್ಕೂ ಕೆಲಸವಿದೆ. ಒಬ್ಬರೇ ಇರುವ, ಹೊರಗೆ ನಗರವಿರುವ ಬದುಕಿಗೆ ಅದು ಸಾಲಬಹುದು. ಕುಟುಂಬಕ್ಕೆ ಸಾಲದು. ಸಣ್ಣ ಮನೆಯಲ್ಲಿ ಹಾಸಿಗೆಯಿಂದ ಒಲೆ ಕಾಣಬಾರದು ಎಂಬುದು ನನ್ನ ಸ್ವಂತ ನಿಯಮ. ಬಾಗಿಲು ತೆರೆದ ಕೂಡಲೇ ಇಡೀ ಮನೆ ಒಂದೇ ನೋಟಕ್ಕೆ ಸಿಕ್ಕಿಬಿಟ್ಟರೆ ಮನಸ್ಸು ಅದನ್ನು ಕೋಣೆಯೆಂದು ಎಣಿಸುತ್ತದೆ. ಬಚ್ಚಲಿನ ಗೋಡೆಯೊಂದು ತುಸು ಮುಂದೆ ಚಾಚಿ ಹಾಸಿಗೆಯ ಮೂಲೆಯನ್ನು ಮರೆಮಾಡಿದರೆ ಅದೇ ಜಾಗ ಮನೆಯಾಗುತ್ತದೆ. ಕಿಟಕಿಯ ಕೆಳಗೆ ಒಬ್ಬರು ಕೂರುವಷ್ಟು ಅಗಲದ ಕಟ್ಟೆ ಹಾಕಿಸುತ್ತೇನೆ, ಏಕೆಂದರೆ ದಿನದ ಬಹುಹೊತ್ತು ಜನ ಅಲ್ಲಿಯೇ ಕೂರುತ್ತಾರೆಂದು ನೋಡಿ ತಿಳಿದಿದ್ದೇನೆ.

ಹಣದ ವಿಷಯವನ್ನು ತುಸು ಹೇಳಿ ಮುಂದೆ ಹೋಗುತ್ತೇನೆ. ಸರ್ಕಾರ ಕೈಹಚ್ಚದೆ ಈ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದ ನಗರವನ್ನು ನಾನು ಕಂಡಿಲ್ಲ. ನ್ಯೂಯಾರ್ಕ್ 1995ರಲ್ಲಿ ಕೆಳ ಮ್ಯಾನ್‌ಹಟನ್ನಿಗೆ ತೆರಿಗೆ ವಿನಾಯಿತಿ ಕೊಟ್ಟಾಗ 12,000ಕ್ಕೂ ಹೆಚ್ಚು ಮನೆಗಳು ಬಂದವು. ಲಾಸ್ ಏಂಜಲೀಸ್ 1999ರ ಮರುಬಳಕೆ ಕಾನೂನಿನಲ್ಲಿ ಹಣ ಕೊಡುವುದಕ್ಕಿಂತ ಹೆಚ್ಚಾಗಿ ಅಡ್ಡಿ ತೆಗೆದಿತು; ಹಳೆಯ ಕಟ್ಟಡಕ್ಕೆ ಹೊಸದಾಗಿ ವಾಹನ ನಿಲುಗಡೆ ಕಟ್ಟಬೇಕಾಗಿಲ್ಲ ಎಂದದ್ದೇ ದೊಡ್ಡ ನೆರವಾಯಿತು. ತೈಲದ ಬೆಲೆ ಕುಸಿದು ಕಚೇರಿಗಳು ಖಾಲಿಯಾಗಿದ್ದ ಕೆನಡಾದ ಕ್ಯಾಲ್ಗರಿ 2021ರಲ್ಲಿ ಪರಿವರ್ತಿಸಿದ ಕಚೇರಿಯ ಚದರ ಅಡಿಗೆ 75 ಡಾಲರ್ ಲೆಕ್ಕದಲ್ಲಿ ನೇರ ಸಹಾಯಧನ ಕೊಡಲು ಶುರುಮಾಡಿತು, 2031ರೊಳಗೆ 60 ಲಕ್ಷ ಚದರ ಅಡಿ ಕಚೇರಿಯನ್ನು ಕಡಿಮೆ ಮಾಡುವ ಗುರಿ ಇಟ್ಟುಕೊಂಡಿತು. ನ್ಯೂಯಾರ್ಕಿನ 2024ರ ಹೊಸ ತೆರಿಗೆ ರಿಯಾಯಿತಿಯಲ್ಲಿ ಕಾಲು ಭಾಗದಷ್ಟು ಮನೆಗಳು ಕೈಗೆಟಕುವ ಬಾಡಿಗೆಯವಾಗಿರಬೇಕೆಂಬ ಷರತ್ತಿದೆ. ಸಾರ್ವಜನಿಕ ಹಣ ಹೋಗುವ ಕಡೆ ಈ ಷರತ್ತು ಇರಲೇಬೇಕೆಂದು ನನ್ನ ಗಟ್ಟಿ ಅಭಿಪ್ರಾಯ.

ಕೆಡವಿ ಹೊಸದು ಕಟ್ಟುವುದು ಸುಲಭವಲ್ಲವೇ ಎಂದು ಕೇಳುವವರಿದ್ದಾರೆ. ಕೆಲವೊಮ್ಮೆ ಸುಲಭ, ಅಗ್ಗವೂ ಹೌದು. ಆದರೆ ಆ ಕಂಬ, ತೊಲೆ, ಅಡಿಪಾಯಗಳಿಗಾಗಿ ಸುಟ್ಟ ಇಂಧನ ಆಗಲೇ ಗಾಳಿಗೆ ಸೇರಿಹೋಗಿದೆ. ಅವನ್ನು ಒಡೆದರೆ ಅದೇ ಪ್ರಮಾಣದ ಸಿಮೆಂಟು, ಉಕ್ಕುಗಳಿಗಾಗಿ ಮತ್ತೊಮ್ಮೆ ಸುಡಬೇಕು.

ಕಳೆದ ವಾರ ನಾನು ಒಂದು ಖಾಲಿ ಮಹಡಿಯಲ್ಲಿದ್ದೆ. ಮೋಡದ ದಿನ, ಮಧ್ಯಾಹ್ನ ಮೂರು ಗಂಟೆ. ಇಂಥ ಪರೀಕ್ಷೆಗೆ ಬಿಸಿಲಿನ ದಿನಕ್ಕಿಂತ ಮೋಡದ ದಿನವೇ ಸತ್ಯ ಹೇಳುತ್ತದೆ. ಎಲ್ಲ ದೀಪಗಳನ್ನೂ ಆರಿಸಿ, ಕಣ್ಣು ಹೊಂದಿಕೊಳ್ಳಲೆಂದು ಸ್ವಲ್ಪ ಹೊತ್ತು ಸುಮ್ಮನೆ ನಿಂತೆವು. ಜೊತೆಗಿದ್ದ ಕಿರಿಯ ಸಹೋದ್ಯೋಗಿ ಕೈಯಲ್ಲೊಂದು ಪುಸ್ತಕ ಹಿಡಿದು ಕಿಟಕಿಯ ಬಳಿಯಿಂದ ಓದುತ್ತಾ ಹಿಂದಕ್ಕೆ ಹೆಜ್ಜೆ ಇಡುತ್ತಾ ಹೋದರು. ಅಕ್ಷರ ಕಾಣದಾದಾಗ ನಿಂತರು. ಅಲ್ಲಿ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದೆವು, ಕಿಟಕಿಯಿಂದ ಆರೂಕಾಲು ಮೀಟರ್. ಹೀಗೆಯೇ ಮಹಡಿಯ ನಾಲ್ಕೂ ಬದಿಯಲ್ಲಿ ಮಾಡಿ ಗೆರೆಗಳನ್ನು ಕೂಡಿಸಿದಾಗ, ಸುತ್ತಲೂ ಬೆಳಕಿನ ಒಂದು ಅಗಲವಾದ ಪಟ್ಟಿ, ನಡುವೆ ಕತ್ತಲ ಒಂದು ಉದ್ದ ದ್ವೀಪ ಮೂಡಿತು. ಪಟ್ಟಿಯಲ್ಲಿ ಹದಿನಾರು ಮನೆಗಳ ವಾಸದ ಕೋಣೆ ಹಿಡಿಯುತ್ತದೆ. ಮಾಲೀಕರ ನಕಾಶೆಯಲ್ಲಿ ಇಪ್ಪತ್ತೆರಡು ಮನೆಗಳಿದ್ದವು. ದ್ವೀಪದ ಅಂಚಿನಲ್ಲಿ ಬಚ್ಚಲುಗಳು, ಅದರೊಳಗೆ ಪ್ರತಿ ಮನೆಗೂ ಒಂದು ಉಗ್ರಾಣ, ಬಟ್ಟೆ ಒಗೆಯುವ ಯಂತ್ರಗಳು, ಸೈಕಲ್ ನಿಲ್ಲಿಸುವ ಜಾಗ ಎಂದು ಬರೆದುಕೊಂಡು, ಹದಿನಾರರ ಲೆಕ್ಕವನ್ನೇ ಅವರಿಗೆ ಕಳಿಸಿದ್ದೇನೆ.